ಔಷಧಕ್ಕೆ ಸಂದ ಶ್ರೇಯಸ್ಸು: ಮತ್ತೆ ಮತ್ತೆ ಮರುಕಳಿಸಿದ ಭೇದಿಯ ಒಂದು ಪ್ರಕರಣ

ನಾಯಿಯ ಹೆಸರು, ಸಾಕಿದವರ ಗುರುತು ಮತ್ತು ಹಿಂದೆ ಚಿಕಿತ್ಸೆ ನೀಡಿದವರ ವಿವರಗಳನ್ನು ಈ ಬರಹದಲ್ಲಿ ಕೊಟ್ಟಿಲ್ಲ. ಹೊಟ್ಟೆ ಸೂಕ್ಷ್ಮವಾಗಿರುವ ನಾಯಿಯನ್ನು ಸಾಕಿದವರಿಗೂ ಅಂಥ ನಾಯಿಗಳಿಗೆ ಚಿಕಿತ್ಸೆ ನೀಡುವ ಕಿರಿಯ ಪಶುವೈದ್ಯರಿಗೂ ಉಪಯೋಗವಾಗಬಹುದೆಂದು, ಯಾವ ಹಂತದಲ್ಲಿ ಯಾವ ತೀರ್ಮಾನವನ್ನು ಏಕೆ ತೆಗೆದುಕೊಂಡೆವು ಎಂಬುದನ್ನೇ ಮುಖ್ಯವಾಗಿ ಬರೆದಿದ್ದೇನೆ.

ಹಿನ್ನೆಲೆ

ಸುಮಾರು ನಾಲ್ಕು ವರ್ಷದ, ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಾಗಿದ್ದ, ಮಧ್ಯಮ ಗಾತ್ರದ ಮಿಶ್ರತಳಿಯ ಹೆಣ್ಣು ನಾಯಿ ಇದು. ಮನೆಯವರು ನನ್ನ ಬಳಿ ಕರೆತಂದ ದಿನ ಅದರ ತೂಕ 16 ಕಿಲೋ ಇತ್ತು. ಆರೋಗ್ಯವಾಗಿದ್ದಾಗ ಅದು 18 ಕಿಲೋ ತೂಗುತ್ತಿತ್ತು ಎಂಬುದು ಲಸಿಕೆಯ ಪುಸ್ತಕದಲ್ಲಿ ದಾಖಲಾಗಿತ್ತು. ಲಸಿಕೆಗಳು ಕಾಲಕಾಲಕ್ಕೆ ಆಗಿದ್ದವು, ಜಂತುಹುಳುವಿನ ಔಷಧವನ್ನು ತಪ್ಪದೆ ಕೊಟ್ಟಿದ್ದರು, ಹೃದಯದ ಹುಳು ಬಾರದಂತೆ ತಿಂಗಳಿಗೊಂದು ಅಗಿಯುವ ಮಾತ್ರೆಯನ್ನೂ ಕೊಡುತ್ತಿದ್ದರು. ನಾಯಿಯ ಬಗ್ಗೆ ಇಷ್ಟು ಕಾಳಜಿ ವಹಿಸುವ ಮನೆ ಅಪರೂಪವೆಂದೇ ಹೇಳಬೇಕು. ಮುಂದೆ ಬರುವ ಸಂಗತಿಗಳನ್ನು ಓದುವಾಗ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು, ಏಕೆಂದರೆ ಇಲ್ಲಿ ರೋಗ ಬೆಳೆದದ್ದು ಅಲಕ್ಷ್ಯದಿಂದಲ್ಲ.

ಐದು ತಿಂಗಳಿನಿಂದ ಆ ನಾಯಿಗೆ ಭೇದಿ ಬಂದು, ನಿಂತು, ಮತ್ತೆ ಬರುತ್ತಿತ್ತು. ಅದರ ಜೊತೆಗೆ ವಾರಕ್ಕೆ ಒಂದೆರಡು ಬಾರಿ ಬೆಳಗಿನ ಜಾವ ಹಳದಿ ನೊರೆಯ ವಾಂತಿ, ದೂರಕ್ಕೂ ಕೇಳಿಸುವಂಥ ಹೊಟ್ಟೆಯ ಗುಡುಗುಡು ಶಬ್ದ, ಹೆಚ್ಚಿದ ವಾಯು, ಕೆಲವು ದಿನ ಊಟದ ಬಟ್ಟಲಿನಿಂದ ಮುಖ ತಿರುಗಿಸುವುದು ಇವೆಲ್ಲ ಇದ್ದವು. ಹುಲ್ಲು ತಿನ್ನುವುದನ್ನೂ ಮನೆಯವರು ರೋಗಲಕ್ಷಣವೆಂದು ಬರೆದುಕೊಂಡು ಬಂದಿದ್ದರು. ಆರೋಗ್ಯವಂತ ನಾಯಿಗಳೂ ಹುಲ್ಲು ತಿನ್ನುವುದರಿಂದ ಅದೊಂದಕ್ಕೆ ನಾನು ಹೆಚ್ಚು ಬೆಲೆ ಕೊಡಲಿಲ್ಲ.

ಸಮಸ್ಯೆಯ ಸ್ವರೂಪ

ನಾಯಿಯ ಭೇದಿಯನ್ನು ಕೇಳಿ ತಿಳಿಯುವಾಗ ಮೊದಲು ಬಿಡಿಸಿಕೊಳ್ಳಬೇಕಾದ ಪ್ರಶ್ನೆ ಅದು ಸಣ್ಣ ಕರುಳಿನದೋ ದೊಡ್ಡ ಕರುಳಿನದೋ ಎಂಬುದು. ಸಣ್ಣ ಕರುಳು ಕೆಟ್ಟಾಗ ಮಲದ ಪ್ರಮಾಣ ಹೆಚ್ಚುತ್ತದೆ, ಆದರೆ ಹೊರಗೆ ಹೋಗುವ ಸರದಿ ಅಷ್ಟೇನೂ ಹೆಚ್ಚುವುದಿಲ್ಲ, ತೂಕ ಇಳಿಯುತ್ತದೆ, ರಕ್ತವಿದ್ದರೆ ಅದು ಜೀರ್ಣವಾಗಿ ಮಲ ಡಾಂಬರಿನಂತೆ ಕಪ್ಪಾಗಿರುತ್ತದೆ. ದೊಡ್ಡ ಕರುಳು ಕೆಟ್ಟಾಗ ನಾಯಿ ಸ್ವಲ್ಪ ಸ್ವಲ್ಪವೇ ಹಲವು ಬಾರಿ ಹೋಗುತ್ತದೆ, ತಿಣುಕುತ್ತದೆ, ತಡೆದುಕೊಳ್ಳಲಾಗದೆ ಒದ್ದಾಡುತ್ತದೆ, ಮಲದಲ್ಲಿ ಲೋಳೆಯೋ ಕೆಂಪು ರಕ್ತದ ಎಳೆಯೋ ಕಾಣುತ್ತದೆ. ಈ ನಾಯಿಯಲ್ಲಿ ಎರಡರ ಲಕ್ಷಣಗಳೂ ಬೆರೆತಿದ್ದವು: ತೂಕ ಎರಡು ಕಿಲೋ ಇಳಿದಿತ್ತು, ಮಲದ ಪ್ರಮಾಣ ಹೆಚ್ಚಿತ್ತು, ಕೆಟ್ಟ ದಿನಗಳಲ್ಲಿ ಲೋಳೆಯೂ ಇರುತ್ತಿತ್ತು. ರಕ್ತ ಒಮ್ಮೆಯೂ ಕಂಡಿರಲಿಲ್ಲ.

ಎರಡನೆಯ ಪ್ರಶ್ನೆ ಕಾಲದ್ದು. ಸಾಮಾನ್ಯವಾಗಿ ಹಠಾತ್ತನೆ ಬರುವ ಭೇದಿ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಮೂರು ವಾರ ಮೀರಿ ನಿಂತ, ಅಥವಾ ಅಷ್ಟು ಕಾಲ ಮತ್ತೆ ಮತ್ತೆ ಮರುಕಳಿಸಿದ ಲಕ್ಷಣಗಳನ್ನು ದೀರ್ಘಕಾಲದ ಕರುಳಿನ ಕಾಯಿಲೆ ಎಂದು ಪರಿಗಣಿಸಬೇಕಾಗುತ್ತದೆ, ಮತ್ತು ಆಗ ಯೋಚಿಸುವ ದಾರಿಯೇ ಬದಲಾಗುತ್ತದೆ. ಐದು ತಿಂಗಳಿನ ಈ ಕಥೆಯನ್ನು ಮನೆಯವರು ಮೂರು ಪ್ರತ್ಯೇಕ ಕಾಯಿಲೆಗಳಂತೆ ಹೇಳಿದರು. ಮಳೆಯಲ್ಲಿ ನೆನೆದದ್ದಕ್ಕೆ ಒಮ್ಮೆ, ಹೊಸ ಆಹಾರ ಹಿಡಿಸಲಿಲ್ಲವೆಂದು ಇನ್ನೊಮ್ಮೆ, ಹೊರಗೆ ಏನೋ ತಿಂದಿರಬೇಕೆಂದು ಮತ್ತೊಮ್ಮೆ ಎಂದು ಪ್ರತಿ ಬಾರಿಗೂ ಒಂದು ಕಾರಣ ಸಿದ್ಧವಾಗಿತ್ತು. ಆ ಮೂರನ್ನೂ ಒಂದೇ ಗೆರೆಯ ಮೇಲೆ ಇಟ್ಟು ನೋಡುವ ಅವಕಾಶ ಹಿಂದಿನ ವೈದ್ಯರಿಗೆ ಸಿಕ್ಕಿರಲಿಲ್ಲ. ಪ್ರತಿ ಬಾರಿ ಬೇರೆ ಬೇರೆಯವರ ಬಳಿ ಹೋಗಿದ್ದರು. ಆಯಾ ದಿನಕ್ಕೆ ಅವರು ತೆಗೆದುಕೊಂಡ ತೀರ್ಮಾನಗಳಲ್ಲಿ ಅಸಹಜವಾದದ್ದು ನನಗೆ ಕಾಣಲಿಲ್ಲ.

ಅದುವರೆಗೆ ನಡೆದ ಚಿಕಿತ್ಸೆ

ಮೂರು ಸಲವೂ ಚಿಕಿತ್ಸೆಯ ಕ್ರಮ ಬಹುಮಟ್ಟಿಗೆ ಒಂದೇ ಆಗಿತ್ತು. ದಿನನಿತ್ಯದ ಆಹಾರವನ್ನೂ ತಿಂಡಿ ತುಣುಕುಗಳನ್ನೂ ನಿಲ್ಲಿಸಿ, ಬೇಯಿಸಿದ ಅನ್ನ ಮತ್ತು ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿಮಾಂಸವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಲು ಹೇಳಿದ್ದರು. ಜೊತೆಗೆ ಮೆಟ್ರೊನಿಡಜೋಲ್ ಎಂಬ ಪ್ರತಿಜೈವಿಕವನ್ನು (ಆ್ಯಂಟಿಬಯಾಟಿಕ್) ಐದರಿಂದ ಏಳು ದಿನ ಬರೆದುಕೊಟ್ಟಿದ್ದರು. ಮೂರು ಸಲವೂ ಎರಡು ಮೂರು ದಿನಗಳಲ್ಲಿ ಮಲ ಗಟ್ಟಿಯಾಯಿತು. ಮೂರು ಸಲವೂ ಕೆಲವು ವಾರಗಳೊಳಗೆ ಭೇದಿ ಮರಳಿತು. ಹೀಗಾಗಿ ಮೆಟ್ರೊನಿಡಜೋಲ್ ಮಾತ್ರವೇ ತಮ್ಮ ನಾಯಿಗೆ ಹಿಡಿಸುವ ಔಷಧ ಎಂಬ ನಂಬಿಕೆ ಮನೆಯಲ್ಲಿ ಬೇರೂರಿತ್ತು, ಮತ್ತು ನನ್ನ ಬಳಿ ಬಂದಾಗ ಅವರ ಮೊದಲ ಕೋರಿಕೆಯೂ ಅದನ್ನೇ ಇನ್ನಷ್ಟು ದೀರ್ಘ ಕಾಲ ಕೊಡಬಹುದೇ ಎಂಬುದಾಗಿತ್ತು.

ಈ ನಡುವೆ ಒಣ ಆಹಾರದ ಚೀಲವನ್ನು ನಾಲ್ಕು ಬಾರಿ ಬದಲಿಸಿದ್ದರು. ಕೊನೆಯ ಎರಡರ ಮೇಲೆ ಸೂಕ್ಷ್ಮ ಹೊಟ್ಟೆಯ ನಾಯಿಗಳಿಗೆ ಎಂದು ಅಚ್ಚಾಗಿತ್ತು. ಬದಲಾವಣೆಯನ್ನು ಕೆಲವು ದಿನಗಳಲ್ಲಿ ನಿಧಾನವಾಗಿ ಮಾಡಬೇಕಾಗಿದ್ದರೂ, ಭೇದಿಯ ಗಾಬರಿಯಲ್ಲಿ ಎರಡು ಸಲ ಒಂದೇ ದಿನದಲ್ಲಿ ಪೂರ್ತಿ ಬದಲಿಸಿದ್ದರು. ಸುಧಾರಣೆಗೋ ಹಿನ್ನಡೆಗೋ ಯಾವುದು ಕಾರಣ ಎಂದು ಗುರುತಿಸಲಾಗದಷ್ಟು ಸಂಗತಿಗಳು ಒಟ್ಟೊಟ್ಟಿಗೆ ಬದಲಾಗಿದ್ದವು.

ಇದಲ್ಲದೆ, ನಾಯಿಯ ಎಂಜಲು ಮತ್ತು ಕೂದಲಿನ ಮಾದರಿ ಕಳುಹಿಸಿ ಅಲರ್ಜಿ ಪತ್ತೆ ಮಾಡಿಸಿಕೊಳ್ಳುವ ಒಂದು ಪರೀಕ್ಷೆಯನ್ನೂ ಮಾಡಿಸಿದ್ದರು. ಅದರ ವರದಿಯಲ್ಲಿ ಕೋಳಿ, ಅಕ್ಕಿ, ಮೊಟ್ಟೆ ಸೇರಿ ಹತ್ತಾರು ಪದಾರ್ಥಗಳ ಪಟ್ಟಿಯಿತ್ತು. ಇಂಥ ಪರೀಕ್ಷೆಗಳು ಅಲರ್ಜಿ ಇರುವ ನಾಯಿಯನ್ನೂ ಇಲ್ಲದ ನಾಯಿಯನ್ನೂ ಬೇರ್ಪಡಿಸಲಾರವು. ಕೃತಕ ತುಪ್ಪಳ ಮತ್ತು ಬರಿಯ ಲವಣಜಲವನ್ನು ಮಾದರಿಯಾಗಿ ಕಳುಹಿಸಿದಾಗಲೂ ಅಲರ್ಜಿ ಇದೆಯೆಂಬ ಫಲಿತಾಂಶ ಬಂದದ್ದನ್ನು ಪ್ರಕಟಿತ ಅಧ್ಯಯನವೊಂದು ತೋರಿಸಿದೆ. ಆ ವರದಿಯನ್ನು ನಂಬಿ ಮನೆಯವರು ಕೋಳಿಮಾಂಸವನ್ನು ಶತ್ರುವೆಂದು ತೀರ್ಮಾನಿಸಿದ್ದರು. ವಿಚಿತ್ರವೆಂದರೆ ನಾಯಿ ಚೇತರಿಸಿಕೊಂಡ ದಿನಗಳಲ್ಲೆಲ್ಲ ತಿಂದದ್ದು ಕೋಳಿಯನ್ನೇ. ಈ ವಿರೋಧ ನನ್ನ ಗಮನವನ್ನು ಮೊದಲ ದಿನವೇ ಸೆಳೆಯಿತು.

ಪರೀಕ್ಷೆಗಳು

ಮೈ ಮುಟ್ಟಿ ನೋಡಿದಾಗ ನಾಯಿ ಚುರುಕಾಗಿತ್ತು. ಒಸಡು ಗುಲಾಬಿ ಬಣ್ಣದಲ್ಲಿ ತೇವವಾಗಿತ್ತು, ಒಸಡನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತಿತ್ತು, ಮೈಯುಷ್ಣತೆ 38.6 ಡಿಗ್ರಿ ಸೆಲ್ಸಿಯಸ್ ಇತ್ತು. ಹೊಟ್ಟೆಯಲ್ಲಿ ನೋವಿನ ಸೂಚನೆಯಾಗಲಿ ಗಡ್ಡೆಯಾಗಲಿ ಕೈಗೆ ಸಿಗಲಿಲ್ಲ. ತುರ್ತು ಏನೂ ಇಲ್ಲ ಎಂಬ ಈ ಖಾತರಿಯೇ ಮುಂದೆ ನಾವು ತಾಳ್ಮೆಯಿಂದ ಕಾಯಲು ಆಧಾರವಾಯಿತು.

ಬೇರೆ ಬೇರೆ ದಿನಗಳಲ್ಲಿ ಸಂಗ್ರಹಿಸಿದ ಮೂರು ಮಲದ ಮಾದರಿಗಳನ್ನು ಪರೀಕ್ಷಿಸಿದೆವು, ಏಕೆಂದರೆ ಜಿಯಾರ್ಡಿಯಾ ಎಂಬ ಏಕಕೋಶ ಪರೋಪಜೀವಿಯ ಕೋಶಗಳಾಗಲಿ ಚಾಟಿಹುಳುವಿನ ಮೊಟ್ಟೆಗಳಾಗಲಿ ಪ್ರತಿದಿನವೂ ಮಲದಲ್ಲಿ ಬೀಳುವುದಿಲ್ಲ. ಒಂದೇ ಮಾದರಿಯಲ್ಲಿ ಸಿಗಲಿಲ್ಲವೆಂದರೆ ಇಲ್ಲವೆಂದು ಹೇಳಲಾಗದು. ಮೂರರಲ್ಲೂ ಏನೂ ಸಿಗಲಿಲ್ಲ, ಜಿಯಾರ್ಡಿಯಾದ ಪ್ರತಿಜನಕ ಪರೀಕ್ಷೆಯೂ ಋಣಾತ್ಮಕವಾಗಿ ಬಂತು. ಆದರೂ ಫೆನ್‌ಬೆಂಡಜೋಲ್ ಎಂಬ ಜಂತುಹುಳುವಿನ ಔಷಧವನ್ನು ಕಿಲೋ ತೂಕಕ್ಕೆ 50 ಮಿಲಿಗ್ರಾಂನಂತೆ ದಿನಕ್ಕೊಮ್ಮೆ ಐದು ದಿನ ಕೊಟ್ಟೆವು. ಇದು ಸುರಕ್ಷಿತ ಔಷಧ, ಮತ್ತು ಪರೀಕ್ಷೆಯ ಕಣ್ಣು ತಪ್ಪಿಸಿಕೊಂಡ ಹುಳುವಿನ ಸಂಶಯವನ್ನು ಆಹಾರದ ಪ್ರಯೋಗಕ್ಕೆ ಮುನ್ನವೇ ಕಳೆದುಕೊಳ್ಳುವುದು ಲೇಸು. ಭೇದಿಯಲ್ಲಿ ಬದಲಾವಣೆಯಾಗಲಿಲ್ಲ.

ರಕ್ತಪರೀಕ್ಷೆಯಲ್ಲಿ ಮೂರು ಅಂಶಗಳು ನನಗೆ ಮುಖ್ಯವಾಗಿದ್ದವು. ಆಲ್ಬುಮಿನ್ ಎಂಬ ರಕ್ತದ ಪ್ರೋಟೀನು ಸಹಜ ಮಿತಿಯಲ್ಲಿತ್ತು. ಅದು ಕುಸಿದಿದ್ದರೆ ಕರುಳಿನ ಮೂಲಕ ಪ್ರೋಟೀನ್ ಸೋರುತ್ತಿರಬಹುದು ಎಂದರ್ಥ, ಮತ್ತು ಆಗ ಕಾಯುವ ಮಾತೇ ಇರುತ್ತಿರಲಿಲ್ಲ. ಕಾರ್ಟಿಸೋಲ್ ಎಂಬ ಹಾರ್ಮೋನು ಒಂದು ಡೆಸಿಲೀಟರಿಗೆ 2 ಮೈಕ್ರೋಗ್ರಾಂ ಮೀರಿತ್ತು. ಮೂತ್ರಪಿಂಡದ ಮೇಲಿನ ಗ್ರಂಥಿ ಸೋತಾಗ ಬರುವ ಆಡಿಸನ್ ಕಾಯಿಲೆ ಹೊಟ್ಟೆಕೆಟ್ಟ ವೇಷದಲ್ಲೇ ಬರುವುದರಿಂದ ಈ ಒಂದು ಸಂಖ್ಯೆ ಅದನ್ನು ಬಹುಮಟ್ಟಿಗೆ ಬದಿಗಿಡಲು ನೆರವಾಯಿತು. ಮೂರನೆಯದಾಗಿ, ಕೋಬಾಲಮಿನ್, ಅಂದರೆ ಬಿ12 ಜೀವಸತ್ವ, ಸಹಜ ಮಿತಿಯ ಕೆಳ ಅಂಚಿನಲ್ಲಿತ್ತು. ಈ ಜೀವಸತ್ವವನ್ನು ದೇಹ ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಅದು ಕಡಿಮೆಯಾದರೆ ಆ ಭಾಗ ಬಹಳ ಕಾಲದಿಂದ ಬಳಲಿರಬಹುದು ಎಂದು ತಿಳಿಯಬೇಕು, ಮತ್ತು ಅದನ್ನು ತುಂಬಿಕೊಡದೆ ಇದ್ದರೆ ಬೇರೆ ಚಿಕಿತ್ಸೆಗಳೂ ನಿರೀಕ್ಷಿಸಿದಷ್ಟು ಫಲ ಕೊಡುವುದಿಲ್ಲ. ನಾಯಿಯ ತೂಕಕ್ಕೆ ತಕ್ಕಂತೆ ದಿನಕ್ಕೆ ಅರ್ಧ ಮಿಲಿಗ್ರಾಂನಂತೆ 12 ವಾರ ಬಾಯಿಯ ಮೂಲಕ ಕೊಡಲು ನಿರ್ಧರಿಸಿದೆವು. ಮೇದೋಜೀರಕ ಗ್ರಂಥಿಯ ಪರೀಕ್ಷೆಗಳೂ ಹೊಟ್ಟೆಯ ಅಲ್ಟ್ರಾಸೌಂಡೂ ಗಮನಿಸುವಂಥದ್ದೇನನ್ನೂ ತೋರಿಸಲಿಲ್ಲ.

ಈ ಹಂತದಲ್ಲಿ ಎದುರಿಗಿದ್ದ ದಾರಿಗಳು ಮೂರು. ಎಂಡೋಸ್ಕೋಪಿ ಮಾಡಿ, ಅಂದರೆ ಕ್ಯಾಮೆರಾ ಇರುವ ನಳಿಕೆಯನ್ನು ಒಳಗಿಳಿಸಿ, ಕರುಳಿನ ಚೂರು ತೆಗೆದು ಪರೀಕ್ಷಿಸುವುದು (ಬಯಾಪ್ಸಿ). ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧವನ್ನು ಆರಂಭಿಸಿ ನೋಡುವುದು. ಅಥವಾ ಕಟ್ಟುನಿಟ್ಟಾದ ಆಹಾರ ಪ್ರಯೋಗ. ದೀರ್ಘಕಾಲದ ಕರುಳಿನ ಕಾಯಿಲೆಯ ನಾಯಿಗಳಲ್ಲಿ ಆಹಾರ ಬದಲಾವಣೆಯೊಂದಕ್ಕೇ ಸ್ಪಂದಿಸುವ ಗುಂಪೇ ದೊಡ್ಡದು, ಮತ್ತು ಹಾಗೆ ಸ್ಪಂದಿಸುವ ನಾಯಿಗಳಲ್ಲಿ ಬಹುಪಾಲು ಎರಡು ವಾರಗಳೊಳಗೇ ಸುಧಾರಣೆ ತೋರುತ್ತವೆ. ಚರ್ಮದ ಅಲರ್ಜಿಯಲ್ಲಿ ಎಂಟು ವಾರ ಕಾಯಬೇಕಾಗುವುದಕ್ಕೆ ಹೋಲಿಸಿದರೆ ಇದು ಬಹಳ ಚಿಕ್ಕ ಅವಧಿ. ಸ್ಟೀರಾಯ್ಡ್ ಮೊದಲು ಕೊಟ್ಟರೆ ಅದು ಲಕ್ಷಣಗಳನ್ನು ಮರೆಮಾಡಿ, ಆಹಾರ ಫಲ ನೀಡಿತೇ ಇಲ್ಲವೇ ಎಂಬುದನ್ನು ತಿಳಿಯದಂತೆ ಮಾಡುತ್ತದೆ. ಆಲ್ಬುಮಿನ್ ಸರಿಯಾಗಿದ್ದು, ನಾಯಿ ತಿನ್ನುತ್ತಿದ್ದು, ಚುರುಕಾಗಿರುವಾಗ ಎರಡು ವಾರ ಕಾಯುವುದರಲ್ಲಿ ಅಪಾಯವಿರಲಿಲ್ಲ. ಬಯಾಪ್ಸಿಯನ್ನು ಕೈಬಿಡದೆ, ಮುಂದಕ್ಕೆ ಇಟ್ಟುಕೊಂಡೆವು.

ಮೆಟ್ರೊನಿಡಜೋಲ್ ಅನ್ನು ಮತ್ತೆ ಕೊಡಲಿಲ್ಲ. ಕರುಳಿನಲ್ಲಿ ಪಿತ್ತಾಮ್ಲಗಳನ್ನು ಪರಿವರ್ತಿಸಿ ಅಲ್ಲಿನ ಸಮತೋಲವನ್ನು ಕಾಯುವ ಪೆಪ್ಟಾಸೆಟೊಬ್ಯಾಕ್ಟರ್ (ಹಿಂದಿನ ಹೆಸರು ಕ್ಲಾಸ್ಟ್ರಿಡಿಯಂ) ಹಿರಾನೋನಿಸ್‌ನಂಥ ಉಪಕಾರಿ ಬ್ಯಾಕ್ಟೀರಿಯಗಳನ್ನೂ ಅದು ಅಳಿಸುತ್ತದೆ, ಮತ್ತು ಔಷಧ ನಿಲ್ಲಿಸಿದ ಮೇಲೂ ಆ ನಷ್ಟ ವಾರಗಟ್ಟಲೆ ಉಳಿಯಬಹುದು. ಸೋಂಕು ರಕ್ತಕ್ಕೆ ಹರಡಿದ ಲಕ್ಷಣಗಳಿಲ್ಲದ ಭೇದಿಗೆ ಪ್ರತಿಜೈವಿಕ ಬೇಕಿಲ್ಲ ಎಂಬುದು ಈಗಿನ ತಿಳಿವಳಿಕೆ.

ಪಟ್ಟಿಯಿಂದ ಬಂದ ತಿರುವು

ಪ್ರಯೋಗ ಆರಂಭಿಸುವ ಮೊದಲು ಒಂದು ವಾರ, ನಾಯಿಯ ಬಾಯಿಗೆ ಹೋಗುವ ಪ್ರತಿಯೊಂದನ್ನೂ ಬರೆದಿಡಲು ಹೇಳಿದೆ. ಏನು ಊಟ ಹಾಕುತ್ತೀರಿ ಎಂದು ಕೇಳುವುದಕ್ಕೂ ಬಾಯಿಗೆ ಏನೇನು ಹೋಗುತ್ತದೆ ಎಂದು ಕೇಳುವುದಕ್ಕೂ ಅಂತರ ದೊಡ್ಡದು. ಮೊದಲ ಪ್ರಶ್ನೆಗೆ ಸಿಗುವುದು ಬಟ್ಟಲಿನ ಲೆಕ್ಕ ಮಾತ್ರ. ಎರಡನೆಯದಕ್ಕೆ ಮಾತ್ರೆ ನುಂಗಿಸಲು ಬಳಸಿದ ಚೀಸ್, ಹಲ್ಲುಜ್ಜುವ ಪೇಸ್ಟು, ನಡಿಗೆಗೆ ಹೋದಾಗ ಪರಿಚಿತರು ಕೊಟ್ಟ ಬಿಸ್ಕತ್ತು, ಮಗುವಿನ ತಟ್ಟೆಯಿಂದ ಕೆಳಗೆ ಬಿದ್ದ ತುತ್ತು ಎಲ್ಲವೂ ಹೊರಬರುತ್ತವೆ.

ಪಟ್ಟಿ ಬಂದಾಗ ಅದರಲ್ಲಿ ಊಟ, ಬಿಸ್ಕತ್ತು, ಚೀಸ್ ಇದ್ದವು. ಮಾತಿನ ನಡುವೆ ಮನೆಯ ಹಿರಿಯರೊಬ್ಬರು, “ಸಂಜೆ ನಾನು ಕೊಡುವ ತುಂಡು ಊಟದ ಲೆಕ್ಕಕ್ಕೆ ಬರೋದಿಲ್ಲವಲ್ಲ ಡಾಕ್ಟ್ರೇ, ಅದನ್ನೂ ಬರೀಬೇಕಾ?” ಎಂದು ಕೇಳಿದರು. ದನದ ಮಾಂಸವನ್ನು ಒಣಗಿಸಿ ಮಾಡಿದ, ನಾಯಿಗಳು ಅಗಿಯುವಂಥ ತುಂಡೊಂದನ್ನು ಅವರು ಪ್ರತಿದಿನ ಸಂಜೆ ಕೊಡುತ್ತಿದ್ದರು. ನಾಯಿ ಅದಕ್ಕಾಗಿ ಅವರ ಕುರ್ಚಿಯ ಬಳಿ ಕಾದು ಕುಳಿತಿರುತ್ತಿತ್ತು. ಯಾವಾಗಿನಿಂದ ಎಂದು ಕೇಳಿದಾಗ, ಸುಮಾರು ಆರು ತಿಂಗಳಿನಿಂದ ಎಂದರು.

ಆ ಸಂಜೆ ನಾವು ಹಳೆಯ ಔಷಧ ಚೀಟಿಗಳನ್ನು ಹರಡಿಕೊಂಡು ಕಾಲದ ಗೆರೆಯೊಂದನ್ನು ಎಳೆದೆವು. ಪ್ರತಿ ಬಾರಿ ಭೇದಿ ಬಂದಾಗಲೂ ವೈದ್ಯರ ಸೂಚನೆಯಂತೆ ತಿಂಡಿ ತುಣುಕುಗಳೆಲ್ಲ ನಿಂತಿದ್ದವು, ಆ ಸಂಜೆಯ ತುಂಡೂ ಸೇರಿ. ಅದೇ ದಿನ ಮೆಟ್ರೊನಿಡಜೋಲ್ ಆರಂಭವಾಗುತ್ತಿತ್ತು. ನಾಯಿ ಸುಧಾರಿಸುತ್ತಿತ್ತು, ಮಾತ್ರೆಗಳು ಮುಗಿದು ಒಂದು ವಾರ ಕಳೆದ ಮೇಲೆ, ಪಾಪ ಎಷ್ಟು ದಿನದಿಂದ ಏನೂ ಕೊಟ್ಟಿಲ್ಲವೆಂದು ಸಂಜೆಯ ತುಂಡು ಮರಳುತ್ತಿತ್ತು, ಅದಾಗಿ ಹತ್ತು ಹದಿನೈದು ದಿನಗಳಲ್ಲಿ ಭೇದಿಯೂ ಮರಳುತ್ತಿತ್ತು. ಮೂರು ಬಾರಿಯೂ ಸುಧಾರಣೆಯ ಶ್ರೇಯಸ್ಸು ಆರಂಭವಾದ ಮಾತ್ರೆಗೆ ಸಂದಿತ್ತು, ನಿಂತುಹೋದ ತುಂಡಿನತ್ತ ಯಾರ ನೋಟವೂ ಹರಿದಿರಲಿಲ್ಲ. ನಾಲ್ಕು ಚೀಲಗಳ ಆಹಾರ ಬದಲಾದರೂ ಫಲ ಸಿಗದಿದ್ದುದಕ್ಕೂ ಇದೇ ಉತ್ತರವಾಗಬಹುದಿತ್ತು. ಅಲ್ಲದೆ ಆ ಚೀಲಗಳ ಪೈಕಿ ಕುರಿಮಾಂಸದ್ದೆಂದು ಮುಂಭಾಗದಲ್ಲಿ ಬರೆದಿದ್ದ ಒಂದರ ಹಿಂಭಾಗದ ಪಟ್ಟಿಯಲ್ಲಿ ದನದ ಯಕೃತ್ತೂ ಇತ್ತು.

ಆದರೆ ಇದು ಇನ್ನೂ ಒಂದು ಊಹೆ ಮಾತ್ರ. ಹೊಂದಿಕೊಂಡು ಬರುವ ಕಥೆ ಸಿಕ್ಕ ಸಮಾಧಾನದಲ್ಲಿ ತುಂಡನ್ನು ನಿಲ್ಲಿಸಿ ಕೈತೊಳೆದುಕೊಂಡಿದ್ದರೆ, ಮುಂದೆ ಭೇದಿ ಮರಳಿದಾಗ ನಾವು ಮತ್ತೆ ಆರಂಭದ ಜಾಗದಲ್ಲೇ ಇರುತ್ತಿದ್ದೆವು. ಆದ್ದರಿಂದ ಪ್ರಯೋಗವನ್ನು ಪೂರ್ತಿಯಾಗಿಯೇ ನಡೆಸಬೇಕೆಂದು ಒಪ್ಪಿಕೊಂಡೆವು.

ಆಹಾರ ಪ್ರಯೋಗ

ಸೋಯಾ ಪ್ರೋಟೀನನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆದು ತಯಾರಿಸಿದ, ಹೈಡ್ರೊಲೈಸ್ಡ್ ಎಂದು ಕರೆಯುವ ವೈದ್ಯಕೀಯ ಆಹಾರವೊಂದನ್ನು ಆಯ್ದುಕೊಂಡೆವು. ಆ ತುಣುಕುಗಳು ಸಾಮಾನ್ಯವಾಗಿ ರೋಗನಿರೋಧಕ ವ್ಯವಸ್ಥೆ ಗುರುತು ಹಿಡಿಯಲಾರದಷ್ಟು ಚಿಕ್ಕವಾಗಿರುತ್ತವೆ. ಇಂಥ ಆಹಾರ ಸುಲಭವಾಗಿ ಜೀರ್ಣವಾಗುವುದೂ ಅದರ ಯಶಸ್ಸಿಗೆ ಒಂದು ಕಾರಣ. ಹಾಗಾಗಿ ಈ ಆಹಾರದಿಂದ ಗುಣವಾದ ನಾಯಿಗಳಿಗೆಲ್ಲ ಅಲರ್ಜಿಯೇ ಇತ್ತೆಂದು ಹೇಳಲು ಬರುವುದಿಲ್ಲ. ಅನ್ನ ಮತ್ತು ಕೋಳಿಯಲ್ಲೇ ಮುಂದುವರಿಯಬಹುದಲ್ಲ ಎಂದು ಮನೆಯವರು ಕೇಳಿದ್ದರು. ನಾಲ್ಕಾರು ದಿನಕ್ಕೆ ಅದು ಒಳ್ಳೆಯ ಪಥ್ಯ. ತಿಂಗಳುಗಟ್ಟಲೆ ಅದನ್ನೇ ಕೊಟ್ಟರೆ ಕ್ಯಾಲ್ಸಿಯಂ ಮೊದಲಾದ ಹಲವು ಪೋಷಕಾಂಶಗಳ ಕೊರತೆ ಖಂಡಿತ.

ಪ್ರಮಾಣವನ್ನು ಅಂದಾಜಿಗೆ ಬಿಡದೆ ಲೆಕ್ಕ ಹಾಕಿದೆವು. ವಿಶ್ರಾಂತ ಸ್ಥಿತಿಯ ನಾಯಿಗೆ ಬೇಕಾದ ಶಕ್ತಿ, ಕಿಲೋ ತೂಕದ 0.75 ಘಾತವನ್ನು 70ರಿಂದ ಗುಣಿಸಿದಷ್ಟು. 16 ಕಿಲೋ ತೂಕಕ್ಕೆ ಅದು 560 ಕಿಲೋಕ್ಯಾಲರಿ ಆಗುತ್ತದೆ. ಶಸ್ತ್ರಚಿಕಿತ್ಸೆಯಾದ ಪ್ರಾಯದ ನಾಯಿಯ ದಿನನಿತ್ಯದ ಅಗತ್ಯಕ್ಕೆ ಅದನ್ನು 1.6ರಿಂದ ಗುಣಿಸಿದರೆ 896. ಮೊದಲ ದಿನಗಳಲ್ಲಿ ಕಡಿಮೆ ಪ್ರಮಾಣದಿಂದ ಆರಂಭಿಸಿ, ಮಲ ಗಟ್ಟಿಯಾದಂತೆ ಈ ಮಟ್ಟಕ್ಕೆ ಏರಿಸಿದೆವು. ದಿನದ ಪಾಲನ್ನು ಮೂರು ಊಟಗಳಾಗಿ ಹಂಚಿ, ಮಲಗುವ ಮುನ್ನ ಒಂದು ಹಿಡಿ ಉಳಿಸಿಕೊಂಡೆವು. ಬೆಳಗಿನ ಹಳದಿ ನೊರೆಯ ವಾಂತಿ ಬಹಳ ಸಲ ರಾತ್ರಿಯಿಡೀ ಖಾಲಿಯಿದ್ದ ಜಠರಕ್ಕೆ ಪಿತ್ತ ಹಿಮ್ಮುಖವಾಗಿ ಬರುವುದರಿಂದ ಆಗುತ್ತದೆ; ತಡರಾತ್ರಿಯ ಆ ಒಂದು ಹಿಡಿ ಅದಕ್ಕೆ.

ಹಳೆಯ ಆಹಾರದಿಂದ ಹೊಸದಕ್ಕೆ ಐದು ದಿನಗಳಲ್ಲಿ ದಾಟಿಸಿದೆವು. ಎರಡೂ ಬೆರೆತಿರುವ ಈ ದಿನಗಳನ್ನು ಪ್ರಯೋಗದ ಲೆಕ್ಕಕ್ಕೆ ಹಿಡಿಯಬಾರದು. ಪೂರ್ತಿ ಹೊಸ ಆಹಾರವಾದ ದಿನವೇ ಮೊದಲ ದಿನ. ಚೀಸ್ ನಿಂತಿತು, ಬಿಸ್ಕತ್ತು ನಿಂತಿತು, ರುಚಿ ಬೆರೆಸಿದ ಹಲ್ಲಿನ ಪೇಸ್ಟು ನಿಂತಿತು. ಸಂಜೆಯ ತುಂಡಿನ ವಿಷಯದಲ್ಲಿ ಮಾತ್ರ ಬರಿಯ ನಿಷೇಧ ಸಾಲದೆಂದು ನನಗೆ ಅನ್ನಿಸಿತು. ಆ ಹಿರಿಯರಿಗೂ ನಾಯಿಗೂ ಅದು ದಿನದ ಮುಖ್ಯ ಘಳಿಗೆಯಾಗಿತ್ತು, ಅದನ್ನು ಕಸಿದುಕೊಂಡರೆ ಒಂದಲ್ಲ ಒಂದು ದಿನ ಗುಟ್ಟಾಗಿ ತುಂಡು ಕೊಡುವ ಪ್ರಸಂಗ ಬರುವುದು ಮನುಷ್ಯ ಸಹಜ. ಆದ್ದರಿಂದ ದಿನದ ಪಾಲಿನಿಂದಲೇ ಇಪ್ಪತ್ತು ಕಾಳುಗಳನ್ನು ಒಂದು ಡಬ್ಬಿಯಲ್ಲಿ ತೆಗೆದಿಟ್ಟು, ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ ಕುಳಿತು ಒಂದೊಂದಾಗಿ ಕೊಡುವಂತೆ ಅವರನ್ನೇ ಕೇಳಿಕೊಂಡೆ. ಮನೆಯಲ್ಲಿ ಈ ಪ್ರಯೋಗವನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದವರು ಅವರೇ.

ಮಲವನ್ನು 1ರಿಂದ 7ರವರೆಗಿನ ಅಂಕಗಳಲ್ಲಿ ಪ್ರತಿದಿನ ದಾಖಲಿಸಲಾಯಿತು: 1 ಎಂದರೆ ಒಣ ಉಂಡೆಗಳು, 7 ಎಂದರೆ ನೀರು, 2 ಅಥವಾ 3 ಬಯಸುವ ಮಟ್ಟ. ಆರಂಭದಲ್ಲಿ 5 ಮತ್ತು 6ರ ನಡುವೆ ಇದ್ದ ಅಂಕ ಮೊದಲ ವಾರದ ಕೊನೆಗೆ 4ಕ್ಕೆ, ಹತ್ತನೆಯ ದಿನಕ್ಕೆ 3ಕ್ಕೆ ಬಂತು. ಹೊಟ್ಟೆಯ ಗುಡುಗುಡು ನಿಂತಿತು. ಬೆಳಗಿನ ವಾಂತಿಯೂ ನಿಂತಿತು.

ಹಿನ್ನಡೆ

ಮೂರನೆಯ ವಾರದಲ್ಲಿ ಇದ್ದಕ್ಕಿದ್ದಂತೆ ಅಂಕ 6ಕ್ಕೆ ಜಿಗಿಯಿತು, ಲೋಳೆ ಕಾಣಿಸಿತು. ಮನೆಯವರು ಕುಸಿದುಹೋದರು. ಆಹಾರ ಫಲಿಸಲಿಲ್ಲ, ಹಳೆಯ ಮಾತ್ರೆಯನ್ನೇ ಕೊಡಿ ಎಂದು ಫೋನಿನಲ್ಲಿ ಬೇಡಿಕೊಂಡರು. ಈ ಪ್ರಕರಣದಲ್ಲಿ ಅತ್ಯಂತ ಕಠಿಣವಾದ ತೀರ್ಮಾನ ಆ ದಿನದ್ದು. ಅಂದು ಪ್ರತಿಜೈವಿಕ ಕೊಟ್ಟಿದ್ದರೆ ನಾಯಿ ಎರಡು ದಿನಗಳಲ್ಲಿ ಸುಧಾರಿಸುತ್ತಿತ್ತು, ಮತ್ತು ಶ್ರೇಯಸ್ಸು ನಾಲ್ಕನೆಯ ಬಾರಿಗೆ ಅದಕ್ಕೇ ಹೋಗುತ್ತಿತ್ತು. ನಾಯಿ ತಿನ್ನುತ್ತಿದೆಯೇ, ನೀರು ಕುಡಿಯುತ್ತಿದೆಯೇ, ವಾಂತಿಯಿದೆಯೇ, ರಕ್ತವಿದೆಯೇ, ಮಂಕಾಗಿದೆಯೇ ಎಂದು ಒಂದೊಂದಾಗಿ ಕೇಳಿದೆ. ಎಲ್ಲ ಉತ್ತರಗಳೂ ಭರವಸೆ ಕೊಡುವಂತಿದ್ದವು. ಆಗ ಹಿಂದಿನ ಮೂರು ದಿನಗಳ ಪಟ್ಟಿಯನ್ನು ಓದಿ ಹೇಳಲು ಕೇಳಿಕೊಂಡೆ.

ಹಿಂದಿನ ದಿನ ತಿಂಗಳ ಅಗಿಯುವ ಮಾತ್ರೆಯನ್ನು ಕೊಟ್ಟಿದ್ದರು. ಔಷಧವಾದ್ದರಿಂದ ಅದನ್ನು ಆಹಾರವೆಂದು ಯಾರೂ ಯೋಚಿಸಿರಲಿಲ್ಲ, ಆದರೆ ನಾಯಿ ಇಷ್ಟಪಟ್ಟು ತಿನ್ನಲೆಂದು ಆ ಮಾತ್ರೆಯನ್ನು ದನದ ಮಾಂಸದಿಂದಲೇ ತಯಾರಿಸಿದ್ದರು. ಪ್ರಯೋಗದ ಆರಂಭದಲ್ಲೇ ಅದನ್ನು ಬದಲಿಸುವ ಮಾತು ನಾನು ಕೊಟ್ಟಿದ್ದ ಸೂಚನೆಗಳ ಪಟ್ಟಿಯಲ್ಲಿದ್ದರೂ, ಮನೆಯಲ್ಲಿ ಉಳಿದಿದ್ದ ಹಳೆಯದನ್ನು ರೂಢಿಯಂತೆ ಕೊಟ್ಟುಬಿಟ್ಟಿದ್ದರು. ಆಹಾರವನ್ನು ಬದಲಿಸದೆ, ಔಷಧ ಕೊಡದೆ ಕಾದೆವು. ನಾಲ್ಕು ದಿನಗಳಲ್ಲಿ ಅಂಕ 3ಕ್ಕೆ ಮರಳಿತು.

ಆದರೂ ಇಲ್ಲೊಂದು ಅನುಮಾನಕ್ಕೆ ಜಾಗವಿತ್ತು. ಹೊಟ್ಟೆ ಕೆಡಿಸಿದ್ದು ಮಾತ್ರೆಯ ರುಚಿಯೋ, ಅದರೊಳಗಿನ ಔಷಧವೋ? ಇಂಥ ಔಷಧಗಳೂ ಕೆಲವು ನಾಯಿಗಳಲ್ಲಿ ವಾಂತಿ, ಭೇದಿ ತರುತ್ತವೆ. ಹೃದಯದ ಹುಳುವಿನ ರಕ್ಷಣೆಯನ್ನು ನಿಲ್ಲಿಸುವಂತಿರಲಿಲ್ಲ. ಮುಂದಿನ ತಿಂಗಳು ಅದೇ ಔಷಧದ, ರುಚಿ ಬೆರೆಸದ ಸಾದಾ ಮಾತ್ರೆಯನ್ನು ಹೈಡ್ರೊಲೈಸ್ಡ್ ಆಹಾರದ ಮೆತ್ತನೆಯ ರೂಪದೊಳಗೆ ಅಡಗಿಸಿ ಕೊಟ್ಟೆವು. ಏನೂ ಆಗಲಿಲ್ಲ. ಔಷಧ ನಿರ್ದೋಷಿಯಾಯಿತು.

ಮರುಪರೀಕ್ಷೆ

ಎಂಟು ವಾರಗಳ ನಂತರ, ತೂಕ 17.2 ಕಿಲೋಗೆ ಏರಿದ್ದಾಗ, ಪದಾರ್ಥಗಳನ್ನು ಒಂದೊಂದಾಗಿ ಮರಳಿ ಕೊಟ್ಟು ನೋಡುವ ಹಂತಕ್ಕೆ ಬಂದೆವು. ಚೆನ್ನಾಗಿರುವ ನಾಯಿಯನ್ನು ಬೇಕೆಂದೇ ಯಾಕೆ ಕೆಣಕಬೇಕು ಎಂದು ಮನೆಯವರು ಹಿಂಜರಿದರು. ಅವರ ಸಂಕಟ ಅರ್ಥವಾಗುವಂಥದ್ದು, ಬಹಳ ಕುಟುಂಬಗಳು ಇಲ್ಲೇ ನಿಂತುಬಿಡುತ್ತವೆ. ಆದರೆ ಮರುಪರೀಕ್ಷೆ ಇಲ್ಲದಿದ್ದರೆ ಕೋಳಿ, ಮೊಟ್ಟೆ, ಮೀನು, ಅಕ್ಕಿ ಎಲ್ಲವೂ ಆ ನಾಯಿಯ ಪಾಲಿಗೆ ಆಜೀವ ಶಂಕಿತರಾಗಿಯೇ ಉಳಿಯುತ್ತಿದ್ದವು. ನಡೆದದ್ದು ಏನೆಂದು ತಿಳಿದಂತೆಯೂ ಆಗುತ್ತಿರಲಿಲ್ಲ.

ಮೊದಲು ಬೇಯಿಸಿದ ಕೋಳಿಯನ್ನು ಎರಡು ವಾರ ದಿನವೂ ಸ್ವಲ್ಪ ಕೊಟ್ಟೆವು. ಅಂಕ ಅಲುಗಾಡಲಿಲ್ಲ. ಎಂಜಲಿನ ಪರೀಕ್ಷೆ ಅಪರಾಧಿಯೆಂದು ತೋರಿಸಿದ್ದ, ಮನೆಯವರೆಲ್ಲ ದೂರ ಇಟ್ಟಿದ್ದ ಪದಾರ್ಥ ನಾಯಿಗೆ ಪೂರ್ತಿ ಹಿಡಿಸಿತು. ಮೊಟ್ಟೆಯೂ ಹಿಡಿಸಿತು. ನಂತರ ಬೇಯಿಸಿದ ದನದ ಮಾಂಸ: ಎರಡನೆಯ ದಿನ ಹೊಟ್ಟೆಯ ಗುಡುಗುಡು ಮರಳಿತು, ಮೂರನೆಯ ದಿನ ಅಂಕ 6, ಲೋಳೆ. ಕೂಡಲೇ ನಿಲ್ಲಿಸಿದೆವು, ಐದು ದಿನಗಳಲ್ಲಿ ನಾಯಿ ಸರಿಯಾಯಿತು. ಹಸುವಿನ ಹಾಲಿನಲ್ಲೂ ದನದ ಮಾಂಸದಲ್ಲೂ ಸಮಾನವಾದ ಕೆಲವು ಪ್ರೋಟೀನುಗಳಿರುವುದರಿಂದ ಒಂದಕ್ಕೆ ಪ್ರತಿಕ್ರಿಯಿಸುವ ನಾಯಿ ಇನ್ನೊಂದಕ್ಕೂ ಪ್ರತಿಕ್ರಿಯಿಸಬಹುದು. ಹಾಲನ್ನು ಪರೀಕ್ಷಿಸುವುದು ಬೇಡ, ಹಾಗೆಯೇ ಬಿಟ್ಟುಬಿಡುತ್ತೇವೆ ಎಂದು ಮನೆಯವರು ಹೇಳಿದರು, ನಾನೂ ಒತ್ತಾಯಿಸಲಿಲ್ಲ.

ಚರ್ಮದಲ್ಲಿ ಆಹಾರದ ಅಲರ್ಜಿ ತೋರಿದ ನಾಯಿಗಳ ಕುರಿತ 2016ರ ಒಂದು ಸಮೀಕ್ಷಾ ಲೇಖನದಲ್ಲಿ ದನದ ಮಾಂಸ ಶೇ. 34, ಹಾಲಿನ ಪದಾರ್ಥಗಳು ಶೇ. 17, ಕೋಳಿ ಶೇ. 15, ಗೋಧಿ ಶೇ. 13ರಷ್ಟು ನಾಯಿಗಳಲ್ಲಿ ಕಾರಣವಾಗಿದ್ದವು. ಕರುಳಿನ ಲಕ್ಷಣಗಳಿಗೆ ಈ ಅಂಕಿಗಳನ್ನು ನೇರವಾಗಿ ಅನ್ವಯಿಸಲಾಗದು. ಆದರೂ ನಾಯಿಯ ಆಹಾರವೆಂದರೆ ಧಾನ್ಯವೇ ಕೆಡುಕು ಎಂಬ ಪ್ರಚಾರಕ್ಕೂ ದಾಖಲೆಗೂ ಎಷ್ಟು ದೂರವಿದೆ ಎಂಬುದು ಇಲ್ಲಿ ಕಾಣುತ್ತದೆ.

ಈ ಪ್ರಕರಣದಿಂದ ನನಗೆ ಕಂಡದ್ದು

ಹೊಟ್ಟೆ ಕೆಟ್ಟ ನಾಯಿಗೆ ನಾವು ಏನನ್ನು ಕೊಡಲು ಆರಂಭಿಸಿದೆವು ಎಂಬುದು ನೆನಪಿನಲ್ಲಿ ಉಳಿಯುತ್ತದೆ, ಏನನ್ನು ಕೊಡುವುದನ್ನು ನಿಲ್ಲಿಸಿದೆವು ಎಂಬುದು ಉಳಿಯುವುದಿಲ್ಲ. ಔಷಧದ ಚೀಟಿಯ ಮೇಲೆ ಮಾತ್ರೆಯ ಹೆಸರು ಇರುತ್ತದೆ. ನಿಂತುಹೋದ ತಿಂಡಿಯ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ. ಮರುಕಳಿಸುವ ಭೇದಿಯ ಚರಿತ್ರೆಯನ್ನು ಕೇಳುವಾಗ, ಪ್ರತಿ ಬಾರಿ ಗುಣವಾದಾಗ ಏನು ನಿಂತಿತ್ತು, ಮರುಕಳಿಸುವ ಮುಂಚೆ ಏನು ಮರಳಿತ್ತು ಎಂಬ ಎರಡು ಪ್ರಶ್ನೆಗಳನ್ನು ನಾನು ಈಗ ತಪ್ಪದೆ ಕೇಳುತ್ತೇನೆ.

ಅಗಿಯುವ ಮಾತ್ರೆಗಳು, ಜೆಲಟಿನ್ ಕೋಶದ ಕ್ಯಾಪ್ಸೂಲುಗಳು, ರುಚಿಯ ಪೇಸ್ಟುಗಳು ಇವೆಲ್ಲ ಆಹಾರವೇ ಎಂದು ಪ್ರಯೋಗದ ಮೊದಲ ದಿನ ಹೇಳಿದರೆ ಸಾಲದು, ಮನೆಯಲ್ಲಿರುವ ಹಳೆಯದನ್ನು ಅಂದೇ ಎತ್ತಿಡಿಸಬೇಕು. ಒಂದೇ ಮಾಂಸದ್ದೆಂದು ಹೇಳಿಕೊಳ್ಳುವ ಮಾರುಕಟ್ಟೆಯ ಆಹಾರಗಳಲ್ಲಿ, ಚೀಲದ ಮೇಲೆ ಬರೆಯದ ಬೇರೆ ಪ್ರಾಣಿಗಳ ಪ್ರೋಟೀನು ಸಿಕ್ಕಿರುವುದು ಹಲವು ಅಧ್ಯಯನಗಳಲ್ಲಿ ವರದಿಯಾಗಿದೆ. ಹಾಗಾಗಿ ಪ್ರಯೋಗದ ಅವಧಿಗೆ ಅಂಥವನ್ನು ನಾನು ಬಳಸುವುದಿಲ್ಲ.

ಈ ಬರಹದಲ್ಲಿ ಮತ್ತೆ ಮತ್ತೆ ಬಂದ ಕಾಯುವಿಕೆಯನ್ನು ಎಲ್ಲ ನಾಯಿಗಳಿಗೂ ಅನ್ವಯಿಸಬಾರದೆಂದು ಒತ್ತಿ ಹೇಳಬೇಕಾಗಿದೆ. ಲಸಿಕೆ ಪೂರ್ತಿಯಾಗದ ಮರಿಯ ವಾಂತಿ ಭೇದಿ ಪಾರ್ವೋ ವೈರಸ್ಸಿನದಾಗಿರಬಹುದು, ಅಲ್ಲಿ ಗಂಟೆಗಳೂ ಮುಖ್ಯ. ಹೊಟ್ಟೆ ಉಬ್ಬಿ, ವಾಂತಿಗೆ ಹವಣಿಸಿದರೂ ಏನೂ ಹೊರಬಾರದ ನಾಯಿಯ ಜಠರ ತಿರುಚಿಕೊಂಡಿರಬಹುದು, ಅದನ್ನು ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ರಕ್ತಮಿಶ್ರಿತ ಭೇದಿ, ನಿಲ್ಲದ ವಾಂತಿ, ಅಂಟಂಟಾದ ಒಸಡು, ಏಳಲಾರದ ನಿತ್ರಾಣ, ದ್ರಾಕ್ಷಿ, ಚಾಕೊಲೇಟ್, ಝೈಲಿಟಾಲ್ (ಸಕ್ಕರೆಯ ಬದಲು ಬಳಸುವ ಸಿಹಿ ಪದಾರ್ಥ) ಅಥವಾ ಮನುಷ್ಯರ ನೋವಿನ ಮಾತ್ರೆ ತಿಂದ ಶಂಕೆ ಇವುಗಳಲ್ಲಿ ಯಾವುದಿದ್ದರೂ ಪಟ್ಟಿ ಬರೆಯುತ್ತ ಕೂರುವಂತಿಲ್ಲ. ಮನುಷ್ಯರ ಭೇದಿಗೆ ಬಳಸುವ ಲೋಪೆರಮೈಡ್ ಅನ್ನು ಕೂಡ ಮನೆಯಲ್ಲೇ ಕೊಡಬಾರದು. ಕೋಲಿಯಂಥ ಕೆಲವು ತಳಿಗಳಲ್ಲಿ ಇರುವ ಒಂದು ಜೀನ್ ಬದಲಾವಣೆಯಿಂದಾಗಿ ಅದು ಮಿದುಳಿಗೆ ತಲುಪಿ ವಿಷವಾಗುತ್ತದೆ. ಹೊಟ್ಟೆಗೆ ಬಿಡುವು ಕೊಡಲೆಂದು ಮರಿಗಳನ್ನೂ ಬಹಳ ಚಿಕ್ಕ ತಳಿಗಳನ್ನೂ ಉಪವಾಸ ಕೆಡವಿದರೆ ರಕ್ತದಲ್ಲಿನ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು.

ನಂತರದ ತಿಂಗಳುಗಳು

ಕೋಬಾಲಮಿನ್ 12 ವಾರಗಳ ನಂತರ ಸಹಜ ಮಟ್ಟದ ಮಧ್ಯಕ್ಕೆ ಬಂದಿತ್ತು, ಪೂರಕವನ್ನು ನಿಲ್ಲಿಸಿ ಕೆಲವು ವಾರಗಳ ಮೇಲೆ ನೋಡಿದಾಗಲೂ ಇಳಿದಿರಲಿಲ್ಲ. ಬಯಾಪ್ಸಿಯ ಅಗತ್ಯ ಬೀಳಲಿಲ್ಲ. ನಾಯಿಯನ್ನು ಈಗ ಕೋಳಿ ಮತ್ತು ಅಕ್ಕಿಯ ಒಂದು ಸಂಪೂರ್ಣ ಆಹಾರದ ಮೇಲೆ ಇಟ್ಟಿದ್ದಾರೆ, ತೂಕ 18 ಕಿಲೋ ಮುಟ್ಟಿ ನಿಂತಿದೆ. ನಡುವೆ ಒಮ್ಮೆ ಕಸದ ಬುಟ್ಟಿಗೆ ಬಾಯಿ ಹಾಕಿ ಎರಡು ದಿನ ಭೇದಿಯಾಗಿತ್ತು. ಸಣ್ಣ ಪ್ರಮಾಣದ ಪಥ್ಯ ಮತ್ತು ಧಾರಾಳ ನೀರಿನಿಂದಲೇ ಅದು ಇಳಿಯಿತು, ಮೆಟ್ರೊನಿಡಜೋಲ್ ಅನ್ನು ಮನೆಯವರು ಕೇಳಲಿಲ್ಲ. ತಡರಾತ್ರಿಯ ಹಿಡಿ ಆಹಾರ ತಪ್ಪಿದರೆ ಬೆಳಗಿನ ಹಳದಿ ವಾಂತಿ ಈಗಲೂ ಕೆಲವೊಮ್ಮೆ ಬರುತ್ತದೆ, ಆದ್ದರಿಂದ ಅದನ್ನು ಮುಂದುವರಿಸಲು ಹೇಳಿದ್ದೇನೆ. ಆರು ತಿಂಗಳಿಗೊಮ್ಮೆ ತೂಕ, ಆಲ್ಬುಮಿನ್ ಮತ್ತು ಕೋಬಾಲಮಿನ್ ನೋಡುತ್ತಿದ್ದೇವೆ.